ಮಳೆ ನೋಡಲು ಹೊರಟ ಕಾರು

ಚಕ್ರದ ಮೇಲಿನ ಮನೆಯಾದ ಮೋಟರ್‌ಹೋಮಿನಲ್ಲಿ ಮಲಗಿದವರಿಗೆ ಮಳೆ ಬಹಳ ಹತ್ತಿರ. ಮೇಲೆ ಹೆಂಚಿಲ್ಲ, ಅಟ್ಟವಿಲ್ಲ. ತೆಳು ಚಾವಣಿ, ಅದರ ಕೆಳಗೆ ಹಾಸಿಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಫೋರ್ಕ್ಸ್ ಎಂಬ ಪುಟ್ಟ ಊರಿದೆ. ಅಕ್ಟೋಬರ್ ಕೊನೆಯಲ್ಲಿ, ಇಂಥ ಗಾಡಿಗಳು ತಂಗುವ ಅಲ್ಲಿನ ಆರ್‌ವಿ ಪಾರ್ಕಿನಲ್ಲಿ ಕಣ್ಣುಬಿಟ್ಟವರು ಹವಾಮಾನ ವರದಿ ನೋಡಬೇಕಾಗಿಲ್ಲ. ರಾತ್ರಿ ಹಿಡಿದ ಮಳೆ ಬೆಳಗಾದರೂ ಅದೇ ಲಯದಲ್ಲಿ ಸುರಿಯುತ್ತಿರುತ್ತದೆ. ಕಿಟಕಿ ಗಾಜಿನ ಒಳಮೈ ಬೆವರಿರುತ್ತದೆ. ಬಾಗಿಲ ಬಳಿ ಬಿಟ್ಟ ನಿನ್ನೆಯ ಬೂಟುಗಳು ಇನ್ನೂ ಒಣಗಿರುವುದಿಲ್ಲ. ಕಾಫಿಗೆ ನೀರು ಕುದಿಯಲಿಟ್ಟರೆ ಗಾಜು ಮತ್ತಷ್ಟು ಮಬ್ಬಾಗುತ್ತದೆ.

ಇಂಥ ಬೆಳಗ್ಗೆ ಪ್ರವಾಸಿಗಳು ಎರಡು ಪಂಗಡವಾಗುತ್ತಾರೆ. ಕೆಲವರು ಹೀಟರ್ ಹಚ್ಚಿ, ಇಸ್ಪೀಟು ತೆಗೆದು, ದಿನ ಹೋಯಿತೆಂದು ಒಳಗೇ ಕೂರುತ್ತಾರೆ. ಇನ್ನು ಕೆಲವರು ರೇನ್‌ಕೋಟ್ ತೊಟ್ಟು, ದೊಡ್ಡ ಗಾಡಿಯ ಪಕ್ಕದಲ್ಲಿ ನಿಂತ ಪುಟ್ಟ ಕಾರಿನ ಕೀಲಿ ಕೈಗೆತ್ತಿಕೊಳ್ಳುತ್ತಾರೆ. ಫೋರ್ಕ್ಸ್ ಇರುವ ಒಲಿಂಪಿಕ್ ಪರ್ಯಾಯ ದ್ವೀಪದ ಮಟ್ಟಿಗೆ ಎರಡನೆಯವರ ನಿರ್ಧಾರವೇ ಸರಿ. ಇಲ್ಲಿನ ಕಾಡನ್ನು, ನದಿಯನ್ನು, ಊರನ್ನು, ಒಂದು ವಸ್ತುಸಂಗ್ರಹಾಲಯವನ್ನು ಕೂಡ ರೂಪಿಸಿದ್ದು ಮಳೆಯೇ. ಬಿಸಿಲಿದ್ದಾಗ ಬಂದರೂ ಅವನ್ನೆಲ್ಲ ನೋಡಬಹುದು. ಆದರೆ ಅವು ಹೀಗೇಕಿವೆ ಎಂಬುದು ಅರ್ಥವಾಗಬೇಕಾದರೆ ಮಳೆಯಲ್ಲೇ ಬರಬೇಕು.

ಒಂದೇ ಬೆಟ್ಟಸಾಲು, ಎರಡು ಹವೆ

ಭೂಪಟದಲ್ಲಿ ಅಮೆರಿಕದ ವಾಯವ್ಯ ಮೂಲೆಯ ತುದಿಗೆ ಬೆರಳಿಟ್ಟರೆ ಸಿಗುವುದೇ ಒಲಿಂಪಿಕ್ ಪರ್ಯಾಯ ದ್ವೀಪ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಉತ್ತರಕ್ಕೆ ಕೆನಡಾವನ್ನು ಬೇರ್ಪಡಿಸುವ ಜಲಸಂಧಿ, ಪೂರ್ವಕ್ಕೆ ಪ್ಯೂಜೆಟ್ ಸೌಂಡ್. ನಟ್ಟನಡುವೆ ಹಿಮನದಿಗಳನ್ನು ಹೊತ್ತ ಒಲಿಂಪಿಕ್ ಪರ್ವತಗಳು. ಅವುಗಳಲ್ಲಿ ಅತಿ ಎತ್ತರದ ಮೌಂಟ್ ಒಲಿಂಪಸ್ 2,400 ಮೀಟರಿಗೂ ಸ್ವಲ್ಪ ಹೆಚ್ಚು. ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗುತ್ತದೆ, ಹೊತ್ತ ನೀರನ್ನು ಪಶ್ಚಿಮದ ಇಳಿಜಾರಿನಲ್ಲೇ ಸುರಿದುಬಿಡುತ್ತದೆ. ಅಲ್ಲಿನ ಹೋ ನದಿ ಕಣಿವೆಯ ಕಾಡಿಗೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಬೆಟ್ಟದ ಆಚೆ ಬದಿಯ ಸ್ಕ್ವಿಮ್ ಪಟ್ಟಣಕ್ಕೆ ಬೀಳುವುದು ಸುಮಾರು 400 ಮಿ.ಮೀ. ಮಾತ್ರ. ಎರಡರ ನಡುವಿನ ದೂರ, ನೇರ ಗೆರೆ ಎಳೆದರೆ, 70 ಕಿ.ಮೀ. ಕೂಡ ಇಲ್ಲ. ಒಂದು ಕಡೆ ಮರಗಳಿಗೆ ಹಾವಸೆಯ ಗಡ್ಡ. ಇನ್ನೊಂದು ಕಡೆ 1890ರ ದಶಕದಲ್ಲೇ ಕಾಲುವೆ ತೋಡಿ ನೀರು ತಂದ ಬಯಲು, ಈಗ ಅಲ್ಲಿ ಲ್ಯಾವೆಂಡರ್ ಹೂವಿನ ತೋಟಗಳು.

ಕನ್ನಡದ ಓದುಗರಿಗೆ ಇದು ಹೊಸ ಪಾಠವೇನಲ್ಲ. ಅರಬ್ಬೀ ಸಮುದ್ರದ ಗಾಳಿಯನ್ನು ಪಶ್ಚಿಮ ಘಟ್ಟ ತಡೆಯುವುದರಿಂದಲೇ ಆಗುಂಬೆಗೆ 7,000 ಮಿ.ಮೀ. ಮೀರಿದ ಮಳೆ, ಘಟ್ಟದ ಮರೆಯಲ್ಲಿರುವ ಚಳ್ಳಕೆರೆಗೆ ಬರ. ವ್ಯತ್ಯಾಸ ಇರುವುದು ಕಾಲದಲ್ಲಿ. ಆಗುಂಬೆಯ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿ ಹವೆಯಲ್ಲಿ ಧೋ ಎಂದು ಸುರಿಯುತ್ತದೆ. ಒಲಿಂಪಿಕ್ ಕಾಡಿನದು ಚಳಿಗಾಲದ ಮಳೆ. ಅಕ್ಟೋಬರಿನಲ್ಲಿ ಶುರುವಾದರೆ ಏಪ್ರಿಲ್‌ವರೆಗೂ ಬಿಡದು. ಹನಿ ಸಣ್ಣದು, ತಣ್ಣಗಿರುತ್ತದೆ, ದಿನಗಟ್ಟಲೆ ಹಿಡಿಯುತ್ತದೆ. ಮೌಂಟ್ ಒಲಿಂಪಸ್‌ನ ನೆತ್ತಿಯ ಮೇಲೆ ಅದೇ ನೀರು ಹಿಮವಾಗಿ ಬೀಳುತ್ತದೆ.

ಸಿಯಾಟಲ್ ನಗರಕ್ಕೆ ಮಳೆಯೂರೆಂಬ ಹೆಸರಿದೆ, ಆದರೆ ಅಲ್ಲಿ ವರ್ಷಕ್ಕೆ ಬೀಳುವುದು 950 ಮಿ.ಮೀ. ಆಸುಪಾಸು. ಸಿಯಾಟಲ್, ಬೆಲ್ವ್ಯೂ, ರೆಡ್ಮಂಡ್ ಸುತ್ತ ನೆಲೆಸಿದ ಕನ್ನಡ ಕುಟುಂಬಗಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ದೀರ್ಘ ವಾರಾಂತ್ಯಕ್ಕೆ ಹೊರಡುವುದು ಈ ಕಡೆಗೇ. ಮೋಟರ್‌ಹೋಮಿನಲ್ಲಿ ಒಲೆ, ಫ್ರಿಜ್, ಶೌಚಾಲಯ ಎಲ್ಲ ಜೊತೆಗೇ ಬರುತ್ತವೆ. ಹೋಟೆಲುಗಳು ವಿರಳವಾದ ಈ ತೀರದಲ್ಲಿ ಮಧ್ಯಾಹ್ನಕ್ಕೆ ಬಿಸಿ ಅನ್ನ, ಸಾರು ಸಿಕ್ಕೀತೆಂಬ ಭರವಸೆಯೇ ಹಿರಿಯರ ಅರ್ಧ ಆಯಾಸ ಕಳೆಯುತ್ತದೆ.

ಕೊಂಡಿ ಕಳಚುವ ಕೆಲಸ

ದೊಡ್ಡ ಮೋಟರ್‌ಹೋಮೆಂದರೆ ಬಸ್ಸಿನ ಗಾತ್ರ. 30ರಿಂದ 40 ಅಡಿ ಉದ್ದ, ಎಂಟೂವರೆ ಅಡಿ ಅಗಲ, ಹತ್ತು ಟನ್ನಿನ ಆಸುಪಾಸಿನ ತೂಕ. ಒಂದು ಲೀಟರ್ ಇಂಧನಕ್ಕೆ ಮೂರು ನಾಲ್ಕು ಕಿಲೋಮೀಟರ್ ಓಡಿದರೆ ಹೆಚ್ಚು. ಹೆದ್ದಾರಿಯಲ್ಲಿ ಅದು ಸುಖದ ಸವಾರಿ, ಕಾಡಿನ ಕಿರಿದಾರಿಯಲ್ಲಿ ಸಂಕಟ. ಹೋ ಕಾಡಿನ ಒಳಗಿನ ಸರ್ಕಾರಿ ಕ್ಯಾಂಪ್‌ಗ್ರೌಂಡಿನಲ್ಲಿ ಹೆಚ್ಚಿನ ಜಾಗಗಳು 21 ಅಡಿಯೊಳಗಿನ ಗಾಡಿಗಷ್ಟೇ ಸಾಲುತ್ತವೆ; ವಿದ್ಯುತ್, ನೀರಿನ ಸಂಪರ್ಕವೂ ಇಲ್ಲ. ಹಾಗಾಗಿ ಫೋರ್ಕ್ಸ್‌ನಂಥ ಊರಿನಲ್ಲಿ ದೊಡ್ಡ ಗಾಡಿ ನಿಲ್ಲಿಸಿ, ಕರೆಂಟು, ನೀರು, ಚರಂಡಿಯ ಪೈಪು ಜೋಡಿಸಿ, ಸುತ್ತಾಟವನ್ನೆಲ್ಲ ಕಾರಿನಲ್ಲೇ ಮುಗಿಸುವುದು ಅನುಭವಸ್ಥರ ರೂಢಿ.

ಆ ಕಾರು ಬರುವುದು ಮೋಟರ್‌ಹೋಮಿನ ಬೆನ್ನಿಗೆ ಕಟ್ಟಿಕೊಂಡೇ. ನಾಲ್ಕೂ ಚಕ್ರ ನೆಲದ ಮೇಲೆ, ಎಂಜಿನ್ ಬಂದ್, ಗೇರ್ ನ್ಯೂಟ್ರಲ್. ಎಲ್ಲ ಕಾರೂ ಇದಕ್ಕೆ ಒಗ್ಗುವುದಿಲ್ಲ. ಜೀಪ್ ರ‍್ಯಾಂಗ್ಲರ್‌ನಂಥವು ಈ ಕೆಲಸಕ್ಕೆ ಹೆಸರುವಾಸಿ. ಎರಡರ ನಡುವೆ ಇಂಗ್ಲಿಷಿನ 'ವಿ' ಆಕಾರದ ಕಬ್ಬಿಣದ ದಂಡ, ಅದು ಕಳಚಿದರೂ ಹಿಡಿದಿಡಲು ಎರಡು ಸರಪಳಿ, ಹಿಂಬದಿ ದೀಪಗಳಿಗೆ ಒಂದು ಕೇಬಲ್, ಕಾರಿನ ಬ್ರೇಕನ್ನು ತಾನಾಗಿ ಒತ್ತುವ ಒಂದು ಸಾಧನ. ಈ ಜೋಡಣೆಗೆ ಒಂದು ದೊಡ್ಡ ಮಿತಿಯಿದೆ: ರಿವರ್ಸ್ ಸಾಧ್ಯವಿಲ್ಲ. ಹಿಂದಕ್ಕೆ ಒತ್ತಿದರೆ ಕಾರಿನ ಮುಂಚಕ್ರಗಳು ಅಡ್ಡ ತಿರುಗಿ ದಂಡವೇ ಬಾಗೀತು. ತಪ್ಪಾದ ತಿರುವಿನಲ್ಲಿ ಹೊಕ್ಕವರು ಸುರಿಯುವ ಮಳೆಯಲ್ಲೇ ಇಳಿದು, ಕಾರು ಬಿಚ್ಚಿ, ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಿ, ಮತ್ತೆ ಕಟ್ಟಬೇಕು.

ಬಿಚ್ಚುವುದಕ್ಕೂ ಕ್ರಮವಿದೆ. ಎರಡು ವಾಹನಗಳೂ ನೇರವಾಗಿ, ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಸ್ವಲ್ಪ ಓರೆಯಾಗಿದ್ದರೂ ದಂಡಕ್ಕೆ ಎಳೆತ ಬಿದ್ದು ಪಿನ್ನು ಕಚ್ಚಿಕೊಳ್ಳುತ್ತದೆ, ಸುತ್ತಿಗೆಯಿಂದ ಬಡಿದರೂ ಜಗ್ಗುವುದಿಲ್ಲ. ಒದ್ದೆ ಕೈಗವಸಿನಲ್ಲಿ ಎರಡು ಪಿನ್ನು ಎಳೆದು, ಸರಪಳಿ ಬಿಚ್ಚಿ, ಕೇಬಲಿನ ತುದಿ ಕೆಸರಿಗೆ ಬೀಳದಂತೆ ಸುತ್ತಿಟ್ಟು, ದಂಡವನ್ನು ಮೋಟರ್‌ಹೋಮಿನ ಹಿಂಬದಿಗೆ ಮಡಚಿ ನಿಲ್ಲಿಸಿದರೆ ಕಾರು ಸ್ವತಂತ್ರ. ತಿಳಿದವರು ಹಿಂದಿನ ಸಂಜೆ, ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಸಿರುತ್ತಾರೆ. ಹುಲ್ಲಿನ ಜಾಗ ಕೊಟ್ಟರೆ ಬೇಡವೆಂದು ಜಲ್ಲಿ ಹಾಸಿದ ಜಾಗ ಕೇಳಿ ಪಡೆದಿರುತ್ತಾರೆ. ಹತ್ತು ಟನ್ನಿನ ಗಾಡಿ ನೆನೆದ ಹುಲ್ಲಿನಲ್ಲಿ ಹೂತರೆ ಎತ್ತಲು ದೊಡ್ಡ ಟ್ರಕ್ಕೇ ಬರಬೇಕು.

ಬಾಡಿಗೆಗೆ ಪಡೆದವರ ಕತೆ ಬೇರೆ. ಹಲವು ಬಾಡಿಗೆ ಕಂಪನಿಗಳು ಮೋಟರ್‌ಹೋಮಿನ ಹಿಂದೆ ಕಾರು ಎಳೆಯಲು ಒಪ್ಪುವುದಿಲ್ಲ. ಎರಡು ಕುಟುಂಬಗಳು ಸೇರಿ, ಒಬ್ಬರು ದೊಡ್ಡ ಗಾಡಿ ಓಡಿಸಿದರೆ ಇನ್ನೊಬ್ಬರು ತಮ್ಮ ಸ್ವಂತ ಕಾರಿನಲ್ಲಿ ಹಿಂಬಾಲಿಸುವುದೇ ಅವರಿಗಿರುವ ದಾರಿ.

ಹೋ ಕಣಿವೆಯ ಬೆಳಗು

ಫೋರ್ಕ್ಸ್‌ನಿಂದ 101ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ 20 ಕಿ.ಮೀ. ಹೋಗಿ ಎಡಕ್ಕೆ ತಿರುಗಿದರೆ ಅಪ್ಪರ್ ಹೋ ರಸ್ತೆ. ಅಲ್ಲಿಂದ ಒಳಗೆ 29 ಕಿ.ಮೀ. ಎಡಬಿಡದೆ ಓಡುವ ವೈಪರು, ಬಲಬದಿಗೆ ಆಗಾಗ ಇಣುಕುವ ಹೋ ನದಿ. ಮೌಂಟ್ ಒಲಿಂಪಸ್‌ನ ಹಿಮನದಿಗಳು ಬಂಡೆ ಅರೆದು ಮಾಡಿದ ನುಣ್ಣನೆಯ ಪುಡಿ ಬೆರೆತು ಅದರ ನೀರು ಬಿಳಿಚಿಕೊಂಡಿರುತ್ತದೆ. ಹೀಗೆ ಬಿಟ್ಟೂಬಿಡದೆ ಮಳೆ ಬಿದ್ದ ದಿನ ಅದೇ ನೀರು ಕಂದು ಬಣ್ಣಕ್ಕೆ ತಿರುಗಿ, ಬುಡಸಮೇತ ಕಿತ್ತ ಮರಗಳನ್ನು ಹೊತ್ತು ಹರಿಯುತ್ತದೆ.

ನದಿ ಇಲ್ಲಿ ಒಂದೇ ಪಾತ್ರದಲ್ಲಿ ನಿಲ್ಲುವುದಿಲ್ಲ. ಪೆಸಿಫಿಕ್‌ನಿಂದ ಉದ್ದನೆಯ ಪಟ್ಟಿಯಂತೆ ಸಾಗಿ ಬರುವ ತೇವಭರಿತ ಗಾಳಿಯ ಪ್ರವಾಹವನ್ನು ಹವಾಮಾನ ತಜ್ಞರು 'ವಾತಾವರಣದ ನದಿ' ಎನ್ನುತ್ತಾರೆ. ಅಂಥದೊಂದು ಈ ಬೆಟ್ಟಗಳಿಗೆ ಅಪ್ಪಳಿಸಿದರೆ ಒಂದೆರಡು ದಿನಗಳಲ್ಲೇ ನೆಲದ ಮೇಲಿನ ನದಿ ದಡ ಕೊರೆದು ದಾರಿ ಬದಲಿಸುತ್ತದೆ. 2024ರ ಡಿಸೆಂಬರಿನಲ್ಲಿ ಹೋ ನದಿ ಈ ರಸ್ತೆಯ ಒಂದು ತುಂಡನ್ನೇ ಕೊಚ್ಚಿಕೊಂಡು ಹೋಯಿತು. ಜಗತ್ತಿನ ಮೂಲೆ ಮೂಲೆಯಿಂದ ಜನ ಬರುವ ಕಾಡಿಗೆ ತಿಂಗಳುಗಟ್ಟಲೆ ಕಾರಿನ ದಾರಿಯೇ ಇರಲಿಲ್ಲ. ರಾಜ್ಯ ಸರ್ಕಾರದ ತುರ್ತು ಹಣಕ್ಕೆ ಸ್ಥಳೀಯರು ಸಂಗ್ರಹಿಸಿದ ದೇಣಿಗೆಯೂ ಸೇರಿ, 2025ರ ಮೇ ತಿಂಗಳಲ್ಲಿ ರಸ್ತೆ ಮತ್ತೆ ತೆರೆಯಿತು. ಪ್ರವಾಸಿಗಳಿಂದಲೇ ಬದುಕುವ ಫೋರ್ಕ್ಸ್‌ನ ಅಂಗಡಿ, ವಸತಿಗೃಹಗಳಿಗೆ ಆ ಐದು ತಿಂಗಳು ಕಷ್ಟದ ಕಾಲವಾಗಿತ್ತು.

ಬೇಸಿಗೆಯಲ್ಲಿ ಹೋ ಪ್ರವೇಶದ್ವಾರದ ಮುಂದೆ ಕಾರುಗಳ ಸಾಲು ಗಂಟೆಗಟ್ಟಲೆ ಕಾಯುತ್ತದೆ. ಮಳೆಯ ಅಕ್ಟೋಬರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಕಾಗಿಲ್ಲ. ಸಂದರ್ಶಕರ ಕೇಂದ್ರದ ಹಿಂದಿನಿಂದಲೇ ಹಾವಸೆಯ ಹಜಾರವೆಂದು ಹೆಸರಾದ ಕಾಲುದಾರಿ ಶುರುವಾಗುತ್ತದೆ. ಉದ್ದ 1.3 ಕಿ.ಮೀ. ಮಾತ್ರ, ಮೊಮ್ಮಕ್ಕಳ ಕೈ ಹಿಡಿದ ಅಜ್ಜ ಅಜ್ಜಿಯರೂ ನಿಧಾನವಾಗಿ ಸುತ್ತಿಬರಬಹುದು.

ದಾರಿಯ ಮೊದಲ ಏರು ದಾಟಿದ ಕೂಡಲೇ ಬೆಳಕಿನ ಬಣ್ಣವೇ ಬದಲಾಗುತ್ತದೆ. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್ ಮರಗಳು 200 ಅಡಿ ದಾಟಿ ಎದ್ದಿವೆ. ಅವುಗಳ ನಡುವೆ ಅಗಲ ಎಲೆಯ ಮೇಪಲ್ ಮರಗಳು. ಮೇಪಲ್‌ನ ಒಂದೊಂದು ಕೊಂಬೆಯಿಂದಲೂ ಹಾವಸೆ ಜಡೆಜಡೆಯಾಗಿ ಇಳಿಬಿದ್ದಿರುತ್ತದೆ. ಬೇಸಿಗೆಯ ಒಣ ದಿನಗಳಲ್ಲಿ ಅದು ಮಂಕು ಹಳದಿಗೆ ತಿರುಗಿ ಮುದುಡುತ್ತದೆ. ಮಳೆಯಲ್ಲಿ ಅದೇ ಹಾವಸೆ ಉಬ್ಬಿ, ಎಳೆ ಬಿಚ್ಚಿ, ಒಳಗಿನಿಂದ ದೀಪ ಹಚ್ಚಿದಂತೆ ಹಸಿರಾಗುತ್ತದೆ. ಕೊಂಬೆಯ ತುದಿಯ ಒಂದು ಜಡೆಯನ್ನು ಹತ್ತಿರದಿಂದ ನೋಡಬೇಕು. ಹನಿ ಮೊದಲು ಎಳೆಯ ಬುಡದಲ್ಲಿ ಇಂಗುತ್ತದೆ, ಬಹಳ ಹೊತ್ತು ಏನೂ ಕಾಣುವುದಿಲ್ಲ, ಆಮೇಲೆ ತುದಿಯಲ್ಲಿ ಒಂದು ಮಣಿ ಮೂಡಿ, ತೂಗಿ, ಕೆಳಗಿನ ಜರೀಗಿಡಕ್ಕೆ ಬೀಳುತ್ತದೆ. ಮಳೆ ನಿಂತ ಮೇಲೂ ಈ ಕಾಡು ಗಂಟೆಗಟ್ಟಲೆ ತೊಟ್ಟಿಕ್ಕುವುದು ಇದರಿಂದಲೇ.

ಈ ಜಡೆಗಳ ಒಳಗೇನಿದೆ ಎಂದು ಹಗ್ಗ ಕಟ್ಟಿಕೊಂಡು ಮರವೇರಿ ನೋಡಿದವರು ನಳಿನಿ ನಾಡಕರ್ಣಿ. ಭಾರತದಿಂದ ವಲಸೆ ಹೋದ ತಂದೆ, ಅಮೆರಿಕದ ತಾಯಿಯ ಮಗಳಾದ ಈ ಪರಿಸರ ವಿಜ್ಞಾನಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಒಲಿಂಪಿಕ್ ಕಾಡಿನ ಮರಗಳ ನೆತ್ತಿಯನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. ಮರದ ಮೇಲೇನು ವಿಜ್ಞಾನವಿದ್ದೀತೆಂದು ಕೇಳುವ ಕಾಲವದು. ಹಾವಸೆಯ ಹಾಸನ್ನು ಮೆಲ್ಲಗೆ ಸುಲಿದಾಗ ಅದರಡಿಯಲ್ಲಿ ಅವರಿಗೆ ಕಪ್ಪು ಮಣ್ಣು ಕಂಡಿತು, ಆ ಮಣ್ಣಿನೊಳಗೆ ಬೇರುಗಳು ಕಂಡವು. ಅವು ಹಾವಸೆಯ ಬೇರುಗಳಲ್ಲ, ಮೇಪಲ್ ಮರದ ಸ್ವಂತ ಬೇರುಗಳು. ಮಳೆಯ ನೀರು, ಧೂಳು, ಉದುರಿದ ಎಲೆಗಳಿಂದ ಕೊಂಬೆಯ ಮೇಲೇ ಮಣ್ಣಾಗಿ, ಆ ಮಣ್ಣಿನ ಸಾರ ಹೀರಲು ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟಿತ್ತು. 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಸಸ್ಯವಿಜ್ಞಾನಿಗಳು ಬೆರಗಾದರು. ಒಂದು ಮೇಪಲ್ ಮರ ಹೊತ್ತ ಹಾವಸೆ ಮತ್ತದರ ಸಂಗಾತಿ ಗಿಡಗಳ ತೂಕ ಅದರ ಸ್ವಂತ ಎಲೆಗಳ ತೂಕದ ನಾಲ್ಕು ಪಟ್ಟಿನಷ್ಟು ಎಂಬ ಲೆಕ್ಕವನ್ನೂ ಅವರ ಅಧ್ಯಯನ ಕೊಟ್ಟಿತು.

ನೆಲದ ಮೇಲೆ ನಡೆಯುವ ಕತೆಯೂ ಅಷ್ಟೇ ಸೊಗಸಿನದು. ಈ ಕಾಡಿನ ನೆಲವನ್ನು ಹಾವಸೆ, ಜರೀಗಿಡಗಳು ಎಷ್ಟು ಒತ್ತಾಗಿ ಮುಚ್ಚಿವೆ ಎಂದರೆ ಬಿದ್ದ ಬೀಜಕ್ಕೆ ಮೊಳೆಯಲು ಜಾಗವಿಲ್ಲ. ಜಾಗ ಸಿಗುವುದು ಬಿದ್ದ ಮರದ ಬೆನ್ನ ಮೇಲೆ. ಕೊಳೆಯುತ್ತಿರುವ ದಿಮ್ಮಿ ಸ್ಪಂಜಿನಂತೆ ಮಳೆನೀರು ಹಿಡಿದಿಟ್ಟು, ಬೆರಳುದ್ದದ ಹೆಮ್ಲಾಕ್ ಸಸಿಗಳನ್ನು ಸಾಲಾಗಿ ಸಾಕುತ್ತದೆ. ಸಸಿಗಳು ದಿಮ್ಮಿಯನ್ನು ಕವುಚಿಕೊಂಡು ನೆಲಕ್ಕೆ ಬೇರಿಳಿಸುತ್ತವೆ. ಶತಮಾನಗಳಲ್ಲಿ ದಿಮ್ಮಿ ಪೂರ್ತಿ ಕರಗಿಹೋದಾಗ, ದೊಡ್ಡದಾದ ಮರಗಳು ಒಂದೇ ಗೆರೆಯ ಮೇಲೆ, ಬುಡದಲ್ಲಿ ಆಳು ನುಸುಳುವಷ್ಟು ಟೊಳ್ಳು ಬಿಟ್ಟು ನಿಂತಿರುತ್ತವೆ. ಮಕ್ಕಳಿಗೆ ಇದಕ್ಕಿಂತಲೂ ಖುಷಿ ಕೊಡುವುದು ದಾರಿಯ ಮೇಲೇ ಸಿಗುವ ಹಳದಿ ಬಣ್ಣದ ಗೊಂಡೆಹುಳು. ಬಾಳೆಹಣ್ಣಿನ ಹೆಸರಿನ ಈ ಜೀವಿ ಗೇಣುದ್ದ ಬೆಳೆಯುತ್ತದೆ, ಒದ್ದೆ ದಿನಗಳಲ್ಲೇ ಹೆಚ್ಚು ಓಡಾಡುತ್ತದೆ.

ಕಾಡಿನೊಳಗೆ ಇನ್ನೂ ಐದು ಕಿ.ಮೀ. ನಡೆಯುವ ಉತ್ಸಾಹವಿದ್ದವರಿಗೆ, ಹಾವಸೆ ಕವಿದ ದಿಮ್ಮಿಯೊಂದರ ಮೇಲೆ ಪುಟ್ಟ ಕೆಂಪು ಕಲ್ಲಿಟ್ಟ ಜಾಗವಿದೆ. ನಿಸರ್ಗದ ಸದ್ದುಗಳನ್ನು ದಾಖಲಿಸುವ ಗಾರ್ಡನ್ ಹೆಂಪ್ಟನ್ 2005ರ ಭೂದಿನದಂದು ಅದನ್ನು ಗುರುತಿಸಿದರು. ಮನುಷ್ಯ ಮಾಡುವ ಶಬ್ದದಿಂದ ಒಂದು ಚದರ ಇಂಚು ಜಾಗವನ್ನಾದರೂ ಕಾಪಾಡಿದರೆ ಸುತ್ತಲಿನ ಮೈಲುಗಟ್ಟಲೆ ಕಾಡು ತಾನಾಗಿ ಶಾಂತವಾಗುತ್ತದೆ ಎಂಬುದು ಅವರ ವಾದ. ವಿಮಾನಗಳ ಸದ್ದನ್ನು ದೂರವಿಡುವ ಅವರ ಹೋರಾಟ ಹುಟ್ಟಿದ್ದು ಇಲ್ಲೇ.

ಊಟದ ಹೊತ್ತಿಗೆ ಫೋರ್ಕ್ಸ್

ಮಧ್ಯಾಹ್ನ ಮತ್ತೆ ಫೋರ್ಕ್ಸ್. ಜನಸಂಖ್ಯೆ ಮೂರು ಸಾವಿರ ಚಿಲ್ಲರೆ, ವರ್ಷದ ಮಳೆ ಹೆಚ್ಚುಕಡಿಮೆ 3,000 ಮಿ.ಮೀ. ಮರ ಕಡಿದು ಬದುಕಿದ ಊರಿದು; ಜಗತ್ತಿನ ಮರಕಡಿತದ ರಾಜಧಾನಿ ಎಂದು ತನ್ನನ್ನು ತಾನೇ ಕರೆದುಕೊಂಡಿತ್ತು. ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಸಿಟ್ಕಾ ಸ್ಪ್ರೂಸ್ ಮೊದಲ ಮಹಾಯುದ್ಧದ ವಿಮಾನಗಳ ಚೌಕಟ್ಟಿಗೆ ಹೇಳಿ ಮಾಡಿಸಿದ ಮರ. ಅದನ್ನು ಕಾಡಿನಿಂದ ಹೊರಗೆ ಸಾಗಿಸಲು ಅಮೆರಿಕದ ಸೇನೆ 1918ರಲ್ಲಿ ಲೇಕ್ ಕ್ರೆಸೆಂಟ್ ಸರೋವರದ ದಡದಲ್ಲಿ ರೈಲು ಹಳಿಯನ್ನೇ ಹಾಕತೊಡಗಿತು. ಹಳಿ ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು. ಆ ಹಳಿಯ ಜಾಡು, ಸುರಂಗದ ಸಮೇತ, ಈಗ ನಡೆಯುವವರ, ಸೈಕಲ್ ಓಡಿಸುವವರ ದಾರಿಯಾಗಿದೆ.

1990ರಲ್ಲಿ ಇಲ್ಲಿನ ಕಾಡುಗಳ ಚುಕ್ಕೆಗೂಬೆ ಅಳಿವಿನಂಚಿಗೆ ಸಾಗುತ್ತಿರುವ ಜೀವಿಗಳ ಪಟ್ಟಿ ಸೇರಿತು. ಅದರ ನೆಲೆಯಾದ ಹಳೆಯ ಕಾಡಿನ ಮೇಲೆ ಕಡಿತದ ನಿರ್ಬಂಧ ಬಂತು, ಮಿಲ್ಲುಗಳು ಸೊರಗಿದವು. ಗೂಬೆಯನ್ನು ಉಳಿಸಬೇಕೋ ಕೂಲಿಯನ್ನೋ ಎಂಬ ಜಗಳ ಆ ದಶಕವಿಡೀ ಈ ಊರನ್ನು ಸುಟ್ಟಿತು. ದಕ್ಷಿಣದ ತುದಿಯಲ್ಲಿರುವ ಟಿಂಬರ್ ಮ್ಯೂಸಿಯಂನಲ್ಲಿ ಆಳುದ್ದದ ಗರಗಸಗಳು, ಮರಕಡಿಯುವವರ ಬಿಡಾರದ ಊಟದ ಸಾಮಾನು, ಹಳೆಯ ಫೋಟೊಗಳಿವೆ. ಮಳೆಯ ದಿನ ಒಂದು ಗಂಟೆ ಸೂರಿನಡಿ ಕಳೆಯಲು ಇದು ತಕ್ಕ ಜಾಗ.

ಊರಿಗೆ ಎರಡನೆಯ ಬದುಕು ಕೊಟ್ಟದ್ದೂ ಮಳೆಯೇ. ಅರಿಜೋನಾದ ಒಣ ನೆಲದಲ್ಲಿ ಕುಳಿತು ಸ್ಟೆಫನಿ ಮೇಯರ್ ತಮ್ಮ 'ಟ್ವೈಲೈಟ್' ಕಾದಂಬರಿಗೆ ಅಮೆರಿಕದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರಿಗಾಗಿ ಹುಡುಕಿದರು. ಬಿಸಿಲಿಗೆ ಬಾರದ ರಕ್ತಪಿಶಾಚಿಗಳಿಗೆ ಸದಾ ಮೋಡ ಮುಚ್ಚಿದ ನೆಲೆ ಬೇಕಿತ್ತು, ಸಿಕ್ಕಿದ್ದು ಫೋರ್ಕ್ಸ್. 2005ರಲ್ಲಿ ಕಾದಂಬರಿ ಬಂತು, 2008ರಲ್ಲಿ ಸಿನಿಮಾ ಬಂತು. ಸಿನಿಮಾದ ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಪಕ್ಕದ ಒರೆಗಾನ್ ರಾಜ್ಯದಲ್ಲಾದರೂ ಓದುಗರು ಹುಡುಕಿಕೊಂಡು ಬಂದದ್ದು ಇಲ್ಲಿಗೆ. ಇಂದಿಗೂ ಪ್ರತಿ ಸೆಪ್ಟೆಂಬರಿನಲ್ಲಿ ಅಭಿಮಾನಿಗಳ ಉತ್ಸವ ನಡೆಯುತ್ತದೆ. ನಾಯಕಿ ಓಡಿಸಿದಂಥ ಕೆಂಪು ಟ್ರಕ್ಕು ಸಂದರ್ಶಕರಿಗಾಗಿ ನಿಂತಿದೆ.

ಕೆಸರು ಕಾಪಾಡಿದ ಊರು

ದಿನದ ಅತಿ ದೊಡ್ಡ ನೋಟ ಇರುವುದು ಉತ್ತರಕ್ಕೆ. ಫೋರ್ಕ್ಸ್‌ನಿಂದ ನಿಯಾ ಬೇ ಸುಮಾರು 80 ಕಿ.ಮೀ. ದೂರ. ಸಾಪೊ ಬಳಿ 101ನೇ ಹೆದ್ದಾರಿ ಬಿಟ್ಟು 113, ಆಮೇಲೆ 112. ಮೋಟರ್‌ಹೋಮನ್ನು ಹಿಂದೆ ಬಿಟ್ಟು ಬಂದದ್ದು ಎಷ್ಟು ಒಳ್ಳೆಯದಾಯಿತೆಂದು ಈ ಕೊನೆಯ ರಸ್ತೆಯಲ್ಲಿ ಗೊತ್ತಾಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸಡಿಲ ಮಣ್ಣಿನ ಗುಡ್ಡ. ಸುತ್ತು ಸುತ್ತು ತಿರುವು, ಗಾಡಿ ಸರಿಸಿ ನಿಲ್ಲಿಸಲು ಅಂಚೇ ಇಲ್ಲ, ಎದುರಿನಿಂದ ದಿಮ್ಮಿ ಹೇರಿದ ಟ್ರಕ್ಕುಗಳು. ಮಳೆಗಾಲದಲ್ಲಿ ಗುಡ್ಡ ಜಾರಿ ಈ ರಸ್ತೆ ಮುಚ್ಚುವುದು ಸ್ಥಳೀಯರಿಗೆ ಹೊಸದಲ್ಲ. ಹೊರಡುವ ಮೊದಲು ರಾಜ್ಯ ಸಾರಿಗೆ ಇಲಾಖೆಯ ಸೂಚನೆ ನೋಡಿಕೊಳ್ಳುವುದು ಕಡ್ಡಾಯ.

ನಿಯಾ ಬೇ ಮಕಾ ಎಂಬ ಮೂಲನಿವಾಸಿ ಜನಾಂಗದ ಊರು. ದೋಣಿಯಲ್ಲಿ ಸಮುದ್ರಕ್ಕಿಳಿದು ಈಟಿ ಎಸೆದು ತಿಮಿಂಗಿಲ ಹಿಡಿದವರು ಇವರು. 1855ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರಕ್ಕೆ ಬಹುಪಾಲು ನೆಲ ಬಿಟ್ಟುಕೊಟ್ಟಾಗಲೂ ತಿಮಿಂಗಿಲ ಹಿಡಿಯುವ ಹಕ್ಕನ್ನು ಬರವಣಿಗೆಯಲ್ಲಿ ಉಳಿಸಿಕೊಂಡವರು.

ಇಲ್ಲಿಂದ ದಕ್ಷಿಣಕ್ಕೆ ಪೆಸಿಫಿಕ್ ದಡದಲ್ಲಿ ಓಝೆಟ್ ಎಂಬ ಮಕಾ ಹಳ್ಳಿಯಿತ್ತು. ಸುಮಾರು 300ರಿಂದ 500 ವರ್ಷಗಳ ಹಿಂದೆ, ಹಳ್ಳಿಯ ಹಿಂದಿನ ಗುಡ್ಡ ಕುಸಿದು, ದೇವದಾರು ಹಲಗೆಯ ದೊಡ್ಡ ಮನೆಗಳನ್ನು ಅವುಗಳೊಳಗಿನ ಬದುಕಿನ ಸಮೇತ ಕೆಸರಿನಡಿ ಮುಚ್ಚಿತು. ಅಕ್ಕಪಕ್ಕದಲ್ಲಿ ಜನವಸತಿ ಮುಂದುವರಿದು, 20ನೇ ಶತಮಾನದ ಆರಂಭದ ದಶಕಗಳಲ್ಲಿ ಮಕ್ಕಳ ಶಾಲೆಗೆಂದು ಕುಟುಂಬಗಳು ನಿಯಾ ಬೇಗೆ ಬಂದವು. ಹಿರಿಯರ ಬಾಯಲ್ಲಿ ಕುಸಿತದ ಕತೆ ಮಾತ್ರ ಉಳಿಯಿತು. 1970ರ ಚಳಿಗಾಲದಲ್ಲಿ ಬಿರುಗಾಳಿಯ ಅಲೆಗಳು ದಡವನ್ನು ಕೊರೆದಾಗ ಹಳೆಯ ಹಲಗೆಗಳು, ಮೀನಿನ ಗಾಳಗಳು ಹೊರಗೆ ಇಣುಕಿದವು. ಮಕಾ ಮಂಡಳಿಯ ಅಧ್ಯಕ್ಷ ಎಡ್ವರ್ಡ್ ಕ್ಲಾಪ್ಲಾನ್‌ಹೂ ಕೂಡಲೇ ಪರಿಚಯದ ಪುರಾತತ್ವಜ್ಞ, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಿಚರ್ಡ್ ಡಾಹರ್ಟಿಯವರನ್ನು ಕರೆಸಿದರು. ಉತ್ಖನನ 11 ವರ್ಷ ನಡೆಯಿತು.

ಗುದ್ದಲಿ ತಾಗಿಸಿದರೆ ನೆನೆದ ಮರ ಬೆಣ್ಣೆಯಂತೆ ತುಂಡಾಗುತ್ತಿತ್ತು. ಹಾಗಾಗಿ ಪಂಪು ಹಚ್ಚಿ, ಪೈಪಿನ ನೀರಿನಿಂದಲೇ ಕೆಸರು ತೊಳೆದರು. ದೊಡ್ಡ ವಸ್ತುವಿಗೆ ರಭಸದ ಧಾರೆ, ಬುಟ್ಟಿ, ಚಾಪೆಗಳಿಗೆ ಸಣ್ಣ ತುಂತುರು. ಗಾಳಿಯಾಡದ ಒದ್ದೆ ಮಣ್ಣು ಕೊಳೆಯುವಿಕೆಯನ್ನೇ ತಡೆದಿತ್ತು. ಆಲ್ಡರ್ ಮರದ ಎಲೆಗಳು ಇನ್ನೂ ಹಸಿರಾಗಿ ಹೊರಬಂದು, ಗಾಳಿ ತಾಗಿದ ಮೇಲೆ ಕಪ್ಪಾದವು. ಒಟ್ಟು 55,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಮರದ ವಸ್ತುಗಳನ್ನು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ನೆನೆಸಿಟ್ಟು, ನೀರಿನ ಜಾಗಕ್ಕೆ ಮೇಣದಂಥ ಆ ವಸ್ತು ತುಂಬುವಂತೆ ಮಾಡಿ, ಒಣಗಿದರೂ ಬಿರಿಯದಂತೆ ಗಟ್ಟಿ ಮಾಡಿದರು.

ತಮ್ಮ ಪೂರ್ವಜರ ಸಾಮಾನು ಎಲ್ಲೋ ದೂರದ ನಗರದ ಗಾಜಿನ ಪೆಟ್ಟಿಗೆ ಸೇರಕೂಡದೆಂದು ಮಕಾ ಜನ ಪಟ್ಟುಹಿಡಿದರು. 1979ರಲ್ಲಿ ನಿಯಾ ಬೇಯಲ್ಲೇ ಅವರದೇ ಸಂಗ್ರಹಾಲಯ ತೆರೆಯಿತು. ಒಳಗೆ ಕಾಲಿಟ್ಟರೆ ಮಂದ ಬೆಳಕು. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಣುತ್ತವೆ: ತಿಮಿಂಗಿಲದ ಈಟಿ, ದೇವದಾರು ನಾರಿನ ಟೋಪಿ, ನೇಯ್ಗೆಯ ಮಗ್ಗ, ಬಾಚಣಿಗೆ, ಮಕ್ಕಳ ಆಟಿಕೆ. ಕೆಲವು ಚಾಕುಗಳಿಗೆ ಕಬ್ಬಿಣದ ಅಲಗಿದೆ; ಪೆಸಿಫಿಕ್ ದಾಟಿ ತೇಲಿಬಂದ ಹಡಗಿನ ಅವಶೇಷಗಳಿಂದ ಆ ಕಬ್ಬಿಣ ಸಿಕ್ಕಿರಬೇಕೆಂಬುದು ತಜ್ಞರ ಊಹೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸುವುದು ತಿಮಿಂಗಿಲದ ಬೆನ್ನಿನ ರೆಕ್ಕೆಯ ಆಕಾರದಲ್ಲಿ ಕೆತ್ತಿದ ದೇವದಾರು. ಅದರ ಮೈಗೆ 700ಕ್ಕೂ ಹೆಚ್ಚು ಕಡಲ ನೀರುನಾಯಿಯ ಹಲ್ಲುಗಳನ್ನು ಒಂದೊಂದಾಗಿ ಕೂರಿಸಿದ್ದಾರೆ. ತಿಮಿಂಗಿಲ ಬೇಟೆಯ ಆಚರಣೆಗೆ ಸಂಬಂಧಿಸಿದ ವಸ್ತು ಅದು. ಹತ್ತಿರ ಬಾಗಿ ನೋಡಿದರೆ ಹಲ್ಲುಗಳ ಸಾಲು ವಕ್ರರೇಖೆಯೊಂದನ್ನು ಬಿಡಿಸಿರುವುದು ಕಾಣುತ್ತದೆ.

ಕೊನೆಯ ಕೋಣೆಯಲ್ಲಿ ಓಝೆಟ್‌ನ ಮನೆಯನ್ನೇ ಪೂರ್ಣ ಅಳತೆಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಚಾವಣಿಗೆ ತೂಗುಹಾಕಿದ ಮೀನು, ಗೋಡೆಯುದ್ದಕ್ಕೂ ಮಲಗುವ ಜಗಲಿ, ನಡುವೆ ಒಲೆ. ಹಲವು ಕುಟುಂಬಗಳು ಒಂದೇ ಸೂರಿನಡಿ, ತಿಂಗಳುಗಟ್ಟಲೆ ಸುರಿಯುವ ಮಳೆಯನ್ನು ಹೊರಗೆ ಬಿಟ್ಟು, ನೇಯುತ್ತ, ಕೆತ್ತುತ್ತ ಬದುಕಿದ ಮನೆ. ಓಝೆಟ್‌ನ ಕಲೆ ಇಷ್ಟು ನವಿರಾಗಿದ್ದು ಹೇಗೆಂದು ಕೇಳಿದರೆ ಇಲ್ಲಿ ನಿಂತವರಿಗೆ ಉತ್ತರ ಹೊಳೆಯುತ್ತದೆ: ಚಳಿಗಾಲದ ಮಳೆ ಅವರಿಗೆ ಕುಳಿತು ಕೆಲಸ ಮಾಡಲು ಬೇಕಾದಷ್ಟು ಬಿಡುವು ಕೊಟ್ಟಿತ್ತು.

ಸಂಗ್ರಹಾಲಯದಿಂದ ಆಚೆ ಕೇಪ್ ಫ್ಲ್ಯಾಟರಿಗೆ ಹೋಗುವವರೂ ಇದ್ದಾರೆ. ಅಲಾಸ್ಕ ಬಿಟ್ಟರೆ ಅಮೆರಿಕದ ಭೂಭಾಗದ ವಾಯವ್ಯ ತುದಿಯದು. 1778ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಇಟ್ಟ ಹೆಸರು. ಕಾರು ನಿಲ್ಲಿಸಿ 1.2 ಕಿ.ಮೀ. ಇಳಿದರೆ ಕಡಲ ಮೇಲಿನ ಅಟ್ಟಣಿಗೆ, ಎದುರಿಗೆ 1857ರ ದೀಪಸ್ತಂಭವಿರುವ ಟಟೂಶ್ ದ್ವೀಪ. ದಾರಿಯ ಹಲಗೆಗಳು ಮಳೆಯಲ್ಲಿ ವಿಪರೀತ ಜಾರುತ್ತವೆ. ಮೊಣಕಾಲು ನೋವಿನವರು ಸಂಗ್ರಹಾಲಯದಲ್ಲೇ ಇನ್ನಷ್ಟು ಹೊತ್ತು ಕಳೆಯುವುದು ಲೇಸು.

ಹೊರಡುವವರಿಗೆ

ಸಿಯಾಟಲ್ ಕಡೆಯಿಂದ ಮೋಟರ್‌ಹೋಮಿನಲ್ಲಿ ಬರುವವರು ಪ್ಯೂಜೆಟ್ ಸೌಂಡನ್ನು ವಾಹನ ಸಾಗಿಸುವ ದೋಣಿಯಲ್ಲಿ ದಾಟಿದರೆ ಗಾಡಿಯ ಉದ್ದಕ್ಕೆ ತಕ್ಕಂತೆ ದರ ಕೊಡಬೇಕು. ಹಿಂದೆ ಕಟ್ಟಿದ ಕಾರಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಸಿಗುವ ಹುಡ್ ಕೆನಾಲ್ ಸೇತುವೆ ನೀರಿನ ಮೇಲೆ ತೇಲುವಂಥದ್ದು. 1979ರ ಫೆಬ್ರುವರಿಯ ಬಿರುಗಾಳಿಗೆ ಅದರ ಪಶ್ಚಿಮದ ಅರ್ಧ ಮುಳುಗಿತ್ತು. 1982ರಲ್ಲಿ ಮತ್ತೆ ತೆರೆಯಿತು. ಈಗ ಗಾಳಿಯ ವೇಗ ಗಂಟೆಗೆ 64 ಕಿ.ಮೀ. ಮುಟ್ಟಿ 15 ನಿಮಿಷ ಹಾಗೇ ಬೀಸಿದರೆ ಸಂಚಾರ ನಿಲ್ಲಿಸುತ್ತಾರೆ. ಬಸ್ಸಿನಷ್ಟು ಎತ್ತರದ ಗಾಡಿಗೆ ಪಕ್ಕಗಾಳಿ ಅಪಾಯ. ಅಂಥ ದಿನ ದಡದಲ್ಲೇ ಕಾಯುವುದು ಜಾಣತನ.

ಹೋ ಕಾಡಿರುವ ರಾಷ್ಟ್ರೀಯ ಉದ್ಯಾನದ ಪ್ರವೇಶ ಒಂದು ಕಾರಿಗೆ 30 ಡಾಲರ್, ಏಳು ದಿನ ಬಳಸಬಹುದು. ಮಕಾ ನೆಲದಲ್ಲಿ ಕಾರು ನಿಲ್ಲಿಸಿ ಅಡ್ಡಾಡಲು ಬೇರೆ ಪರವಾನಗಿ ಬೇಕು, ಅದು ನಿಯಾ ಬೇಯ ಅಂಗಡಿಗಳಲ್ಲಿ, ಸಂಗ್ರಹಾಲಯದಲ್ಲಿ ಸಿಗುತ್ತದೆ. ಫೋರ್ಕ್ಸ್ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು, ಟ್ಯಾಂಕು ತುಂಬಿರಬೇಕು. ಹತ್ತಿಬಟ್ಟೆ ಒಮ್ಮೆ ನೆನೆದರೆ ದಿನವಿಡೀ ಒಣಗದು. ಉಣ್ಣೆ ಅಥವಾ ಪಾಲಿಯೆಸ್ಟರ್, ಮೇಲೆ ಟೋಪಿಯಿರುವ ರೇನ್‌ಕೋಟ್. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಸಂಜೆ ಮರಳಿದಾಗ ಒದ್ದೆ ಕೋಟುಗಳನ್ನು ಮೋಟರ್‌ಹೋಮಿನ ಸ್ನಾನದ ಗೂಡಿನಲ್ಲಿ ನೇತುಹಾಕಿ, ಚಾವಣಿಯ ಗಾಳಿಕಿಂಡಿ ಬೆರಳಷ್ಟು ತೆರೆದಿಟ್ಟರೆ ಗೋಡೆ ಬೆವರುವುದು ಕಡಿಮೆಯಾಗುತ್ತದೆ.

ಅಕ್ಟೋಬರ್ ಕೊನೆಯಲ್ಲಿ ಸಂಜೆ ಆರೂವರೆಗೆಲ್ಲ ಕತ್ತಲು. 112ನೇ ರಸ್ತೆಯಲ್ಲಿ ಜಿಂಕೆ, ಎಲ್ಕ್ ಅಡ್ಡ ಬರುತ್ತವೆ, ಆದ್ದರಿಂದ ಮರಳುವಾಗ ಅವಸರ ಬೇಡ. ಸಂಗ್ರಹಾಲಯ ಐದಕ್ಕೆ ಮುಚ್ಚುತ್ತದೆ, ಎರಡು ಗಂಟೆಯಾದರೂ ಅಲ್ಲಿಗೆ ಮೀಸಲಿಡಬೇಕು, ಅಂದರೆ ಮೂರಕ್ಕೆ ಮೊದಲೇ ತಲುಪಬೇಕು. ಹೋ ಕಾಡಿನಲ್ಲಿ ಹೊತ್ತು ಮೀರಿದರೆ ಫೋರ್ಕ್ಸ್‌ನಲ್ಲಿ ಕುಳಿತು ಉಣ್ಣುವುದನ್ನು ಬಿಟ್ಟು ಬುತ್ತಿ ಕಟ್ಟಿಕೊಂಡು ಹೊರಡಿ, ಕೇಪ್ ಫ್ಲ್ಯಾಟರಿಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಓಝೆಟ್‌ನ ಆ ಮನೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.